ಹೆಸರುವಾಸಿ ಸರಿ, ಯಾವ ಆಪರೇಷನ್‌ಗೆ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ದಾವಣಗೆರೆಯ ನಿವೃತ್ತ ಸ್ಟಾಫ್ ನರ್ಸ್. 32 ವರ್ಷದ ಸೇವೆಯಲ್ಲಿ ಹೆಚ್ಚಿನ ಕಾಲ ಕಳೆದದ್ದು ಆಪರೇಷನ್ ಥಿಯೇಟರ್‌ನಲ್ಲಿ.

ಪ್ರಶ್ನೆ: ಸಿಸ್ಟರ್, ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಾಯಿಗೆ 56 ವರ್ಷ. ಕುತ್ತಿಗೆಯಲ್ಲಿ ಎರಡು ವರ್ಷದಿಂದ ಗಡ್ಡೆ ಇತ್ತು. ನೋವಿಲ್ಲ ಅಂತ ಸುಮ್ನೆ ಇದ್ದರು. ಈಗ ಸ್ವಲ್ಪ ದೊಡ್ಡದಾಗಿದೆ. ಚಿತ್ರದುರ್ಗದಲ್ಲಿ ಸ್ಕ್ಯಾನ್ ಮಾಡಿಸಿ, ಸೂಜಿ ಪರೀಕ್ಷೆಯನ್ನೂ ಮಾಡಿಸಿದೆವು. ಥೈರಾಯ್ಡ್ ಗಡ್ಡೆ, 'ಬೆಥೆಸ್ಡಾ 4' ಅಂತ ರಿಪೋರ್ಟ್ ಬಂದಿದೆ. ಆಪರೇಷನ್ ಆಗಬೇಕು ಅಂದರು. ಮಾವ ಬೆಂಗಳೂರು ಅಂತಾರೆ. ಅಣ್ಣನ ಸ್ನೇಹಿತರು ಮಣಿಪಾಲ ಅಂತಾರೆ. ಪಕ್ಕದ ತೋಟದವರು ದಾವಣಗೆರೆಯಲ್ಲೇ ಒಬ್ಬ ದೊಡ್ಡ ಡಾಕ್ಟರ್ ಇದ್ದಾರೆ ಅಂತಾರೆ. ಈ ವರ್ಷದ ಅಡಿಕೆ ದುಡ್ಡು ಇದೆ, ಖರ್ಚಿಗೆ ಹೇಗೋ ಹೊಂದಿಸುತ್ತೇವೆ. ಎಲ್ಲರಿಗಿಂತ ಹೆಸರುವಾಸಿ ಸರ್ಜನ್ ಯಾರು? ಅವರನ್ನು ಹುಡುಕೋದು ಹೇಗೆ? ದಯವಿಟ್ಟು ಹೆಸರು ಹೇಳಿ.
— ಒಬ್ಬ ಓದುಗಿ

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಹೆಸರು ನಾನು ಬರೆಯುವುದಿಲ್ಲ. ನನಗೆ ಗೊತ್ತಿರುವ ಒಳ್ಳೆ ಕೈಗಳು ನಾನು ಕೆಲಸ ಮಾಡಿದ ಕಾಲದವು. ಅವರಲ್ಲಿ ಕೆಲವರು ಈಗ ಆಪರೇಷನ್ ಮಾಡುವುದನ್ನೇ ಬಿಟ್ಟಿದ್ದಾರೆ. ಆದರೆ ನೀವೇ ಹುಡುಕಿಕೊಳ್ಳುವ ದಾರಿಯನ್ನು ಪೂರ್ತಿ ಹೇಳುತ್ತೇನೆ.

ಮೊದಲು ಆ ರಿಪೋರ್ಟ್. ಸೂಜಿ ಪರೀಕ್ಷೆಯ ಫಲಿತಾಂಶವನ್ನು ಆರು ಗುಂಪು ಮಾಡಿರುತ್ತಾರೆ, ಆ ಪದ್ಧತಿಗೇ ಬೆಥೆಸ್ಡಾ ಅಂತ ಹೆಸರು. 2 ಅಂದರೆ ಸಾಧು ಗಡ್ಡೆ, 6 ಅಂದರೆ ಕ್ಯಾನ್ಸರ್. 4 ಅಂದರೆ ಸೂಜಿಯಲ್ಲಿ ಬಂದ ಜೀವಕೋಶ ನೋಡಿ ತೀರ್ಮಾನ ಹೇಳೋಕೆ ಆಗಲ್ಲ, ಗಡ್ಡೆ ಇರುವ ಭಾಗ ತೆಗೆದು ನೋಡಬೇಕು ಅಂತ. ಈ ಗುಂಪಿನಲ್ಲಿ ಹೆಚ್ಚಿನವರಿಗೆ ಕೊನೆಗೆ ಕ್ಯಾನ್ಸರ್ ಇರುವುದಿಲ್ಲ. ತಾಯಿಗೆ ಇದನ್ನು ಇವತ್ತೇ ಹೇಳಿ. ಅವರು ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂತ ನನಗೆ ಅನಿಸುತ್ತಿದೆ.

ಇನ್ನೊಂದು ಸಮಾಧಾನ. ಇಂಥ ಗಡ್ಡೆಗೆ ನಾಳೆಯೇ ಆಪರೇಷನ್ ಆಗಬೇಕು ಅಂತಿಲ್ಲ. ಮೂರ್ನಾಲ್ಕು ವಾರ ವಿಚಾರಿಸೋಕೆ ಸಾಮಾನ್ಯವಾಗಿ ಸಮಯ ಇರುತ್ತದೆ. ಉಸಿರಾಡೋಕೆ, ನುಂಗೋಕೆ ಕಷ್ಟ ಆಗುತ್ತಿದ್ದರೆ, ಧ್ವನಿ ಒಡೆದಿದ್ದರೆ, ಗಡ್ಡೆ ದಿನದಿನಕ್ಕೂ ಬೆಳೆಯುತ್ತಿದ್ದರೆ ಮಾತ್ರ ಕಾಯಬೇಡಿ.

ಈಗ 'ಹೆಸರುವಾಸಿ' ಅನ್ನೋ ಮಾತಿಗೆ ಬರುತ್ತೇನೆ. ಇದನ್ನು ನನ್ನ ಮನೆಯ ಕಥೆಯಿಂದಲೇ ಹೇಳಬೇಕು.

ನನ್ನ ಅಕ್ಕನನ್ನು ಹೊನ್ನಾಳಿ ಕಡೆ ಕೊಟ್ಟಿದ್ದರು. ಸುತ್ತಮುತ್ತ ಹತ್ತು ಹಳ್ಳಿಯಲ್ಲಿ ಮದುವೆ ಅಂದರೆ ಸೋಬಾನೆ ಪದಕ್ಕೆ ಅವಳೇ ಬೇಕು. ಮೈಕು ಬೇಡದ ಗಂಟಲು. 1998ರಲ್ಲಿ ಅವಳಿಗೂ ಥೈರಾಯ್ಡ್ ಗಡ್ಡೆ ಆಯಿತು. ನಾವು ಬಹಳ ದೊಡ್ಡ ಹೆಸರಿದ್ದ ಒಬ್ಬ ಸರ್ಜನ್ ಹತ್ತಿರ ಕರೆದುಕೊಂಡು ಹೋದೆವು. ಯಾವ ಊರು, ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಅವರ ಹೆಸರು ಸುಳ್ಳಲ್ಲ. ಹೊಟ್ಟೆಯ ಆಪರೇಷನ್‌ನಲ್ಲಿ ಅವರ ಕೈಯನ್ನು ಎಲ್ಲರೂ ಹೊಗಳುತ್ತಿದ್ದರು. ಥೈರಾಯ್ಡ್ ಮಾತ್ರ ಅವರು ವರ್ಷಕ್ಕೆ ಮೂರೋ ನಾಲ್ಕೋ ಮಾಡುತ್ತಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಆಮೇಲೆ. ಆಪರೇಷನ್ ಆದ ಮೇಲೆ ಅಕ್ಕನ ಧ್ವನಿ ಪಿಸುಮಾತಾಯಿತು. ನೀರು ಕುಡಿದರೆ ಕೆಮ್ಮು. ಆರು ತಿಂಗಳು ಕಾದೆವು, ವರ್ಷ ಕಾದೆವು, ಧ್ವನಿ ಬರಲಿಲ್ಲ. ಈಗ ಅವಳಿಗೆ 74. ಅಂಗಳದಲ್ಲಿ ಆಡುವ ಮೊಮ್ಮಕ್ಕಳನ್ನು ಊಟಕ್ಕೆ ಕರೆಯೋಕೆ ತಟ್ಟೆ ಬಡಿಯುತ್ತಾಳೆ.

ಆಗ ನಾನು ಥಿಯೇಟರ್‌ನಲ್ಲೇ ಕೆಲಸ ಮಾಡುತ್ತಿದ್ದೆ. ಥೈರಾಯ್ಡ್ ಹಿಂದೆ ಎರಡೂ ಪಕ್ಕ ದಾರದಂಥ ಧ್ವನಿ ನರ ಹೋಗುತ್ತದೆ ಅಂತ ಗೊತ್ತಿತ್ತು. ಅಲ್ಲೇ ಅಕ್ಕಿ ಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿ ಇರುತ್ತವೆ, ಅವು ಹೋದರೆ ಕ್ಯಾಲ್ಸಿಯಂ ಬಿದ್ದು ಬೆರಳು ಸೆಟೆದುಕೊಳ್ಳುತ್ತವೆ ಅಂತಲೂ ಗೊತ್ತಿತ್ತು. ಆದರೂ 'ಸರ್, ಈ ಆಪರೇಷನ್ ನೀವು ಎಷ್ಟು ಮಾಡ್ತೀರಿ' ಅಂತ ಒಂದು ಮಾತು ಕೇಳಲಿಲ್ಲ. ಅಷ್ಟು ದೊಡ್ಡವರನ್ನು ಹಾಗೆ ಕೇಳಬಾರದು ಅಂದುಕೊಂಡೆ. ಒಳ್ಳೆ ಕೈಯಲ್ಲೂ ಒಮ್ಮೊಮ್ಮೆ ಧ್ವನಿ ನರಕ್ಕೆ ಪೆಟ್ಟಾಗುತ್ತದೆ, ಅದು ನಿಜ. ಆದರೆ ನಾನು ಕೇಳಲಿಲ್ಲ ಅನ್ನೋದು 1998ರಿಂದ ನನ್ನ ಜೊತೆಗೇ ಇದೆ. ನೀವು ಕೇಳಿ ಅಂತ ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

'ದೊಡ್ಡ ಡಾಕ್ಟರ್' ಅಂತ ಯಾರಾದರೂ ಅಂದ ಕೂಡಲೇ 'ಯಾವುದಕ್ಕೆ?' ಅಂತ ಕೇಳಿ. ಮೊಣಕಾಲಿಗಾ, ಪಿತ್ತಕೋಶಕ್ಕಾ, ಥೈರಾಯ್ಡ್‌ಗಾ? ಪಕ್ಕದ ತೋಟದವರಿಗೆ ಆ ಡಾಕ್ಟರ್ ಯಾವ ಆಪರೇಷನ್ ಮಾಡಿದ್ದರು ಅಂತ ಇವತ್ತೇ ವಿಚಾರಿಸಿ. ಹರ್ನಿಯಾ ಆಗಿದ್ದರೆ ಅವರ ಮಾತು ಹರ್ನಿಯಾಕ್ಕೆ ಸಾಕ್ಷಿ, ಅಷ್ಟೆ.

ಎಷ್ಟು ಮಾಡಿದರೆ ಸಾಕು ಅಂತ ಕೇಳಬಹುದು. ಅಮೆರಿಕದ ರೋಗಿಗಳ ದಾಖಲೆ ನೋಡಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 25ಕ್ಕಿಂತ ಹೆಚ್ಚು ಥೈರಾಯ್ಡ್ ಆಪರೇಷನ್ ಮಾಡುವ ಸರ್ಜನ್‌ಗಳ ಕೈಯಲ್ಲಿ ತೊಂದರೆ ಕಡಿಮೆ ಅಂತ ಅದರಲ್ಲಿ ಕಂಡುಬಂತು. 25 ಅಂದರೆ ತಿಂಗಳಿಗೆ ಎರಡು. ಅದು ದೊಡ್ಡ ಲೆಕ್ಕವೇನಲ್ಲ. ನಮ್ಮ ಕಡೆಯೂ ಅಷ್ಟು ಮಾಡುವವರು ಸಿಗುತ್ತಾರೆ.

ಹುಡುಕೋದು ಎಲ್ಲಿಂದ ಶುರು ಮಾಡಬೇಕು? ಥೈರಾಯ್ಡ್ ಆಪರೇಷನ್ ಮಾಡುವವರು ಒಂದೇ ವಿಭಾಗದವರಲ್ಲ. ಜನರಲ್ ಸರ್ಜನ್ ಮಾಡುತ್ತಾರೆ. ಇ.ಎನ್.ಟಿ. ಸರ್ಜನ್ ಮಾಡುತ್ತಾರೆ. ಕ್ಯಾನ್ಸರ್ ಸರ್ಜನ್ ಮಾಡುತ್ತಾರೆ. ಇದಕ್ಕೆಂದೇ ಓದಿದ ಎಂಡೋಕ್ರೈನ್ ಸರ್ಜನ್ ಕೂಡ ಇದ್ದಾರೆ, ಆದರೆ ಅವರ ಸಂಖ್ಯೆ ಕಡಿಮೆ. ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಅದಕ್ಕೇ ಬೇರೆ ವಿಭಾಗ ಇದೆ. ಬೋರ್ಡಿನ ಮೇಲೆ ಎಂ.ಎಸ್. ಅಂತಿದ್ದರೆ ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಸರ್ಜರಿ ಓದಿದ್ದಾರೆ ಅಂತ. ಎಂ.ಸಿಎಚ್. ಅಂದರೆ ಅದರ ಮೇಲೆ ಇನ್ನೂ ಮೂರು ವರ್ಷ ಒಂದೇ ವಿಷಯ ಕಲಿತಿದ್ದಾರೆ. ಡಿ.ಎನ್.ಬಿ. ಕೂಡ ಎಂ.ಎಸ್.ಗೆ ಸಮ, ಅದನ್ನು ಕೀಳಾಗಿ ನೋಡಬೇಡಿ. ಇವುಗಳ ಹಿಂದೆ ನಾಲ್ಕೈದು ಅಕ್ಷರದ ಫೆಲೋಶಿಪ್‌ಗಳು ಸಾಲಾಗಿ ಇರುತ್ತವೆ. ಅವುಗಳಲ್ಲಿ ಕೆಲವು ಕೆಲವೇ ದಿನದ ಕೋರ್ಸ್. ತಪ್ಪೇನಿಲ್ಲ, ಆದರೆ ಬೋರ್ಡು ಉದ್ದ ಇದೆ ಅಂತ ಮರುಳಾಗಬೇಡಿ. ಡಾಕ್ಟರ್ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು ಅಂತ ನಿಯಮ ಇದೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟ್‌ನಲ್ಲಿ ಹುಡುಕಿದರೆ ನೋಂದಣಿಯ ವಿವರ ಸಿಗುತ್ತದೆ. ಮನೆಯ ಹುಡುಗರಿಗೆ ಹೇಳಿದರೆ ಐದು ನಿಮಿಷದ ಕೆಲಸ.

ಇಷ್ಟರಿಂದ ಓದು ಗೊತ್ತಾಗುತ್ತದೆ. ಕೈ ಹೇಗಿದೆ ಅಂತ ತಿಳಿಯೋಕೆ ಆ ಕೈಯನ್ನು ದಿನಾ ನೋಡುವವರನ್ನೇ ಕೇಳಬೇಕು.

ಸರ್ಜನ್ ಕೈಯನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವವರು ಅನಸ್ತೇಷಿಯಾ ಡಾಕ್ಟರ್, ಅಂದರೆ ರೋಗಿಗೆ ಮತ್ತು ಬರಿಸುವವರು. ಅವರು ನಾಲ್ಕಾರು ಆಸ್ಪತ್ರೆಗೆ ಹೋಗುತ್ತಾರೆ, ಹತ್ತಾರು ಸರ್ಜನ್‌ಗಳು ಆಪರೇಷನ್ ಮಾಡುವಾಗ ರೋಗಿಯ ತಲೆಯ ಪಕ್ಕ ನಿಲ್ಲುತ್ತಾರೆ. ಯಾರು ರಕ್ತ ಬಂದಾಗ ಗಾಬರಿ ಆಗುತ್ತಾರೆ, ಯಾರು ಶಾಂತವಾಗಿ ಇರುತ್ತಾರೆ, ಎಲ್ಲ ಅವರಿಗೆ ಗೊತ್ತು. ಆಮೇಲೆ ಥಿಯೇಟರ್ ಸಿಸ್ಟರ್‌ಗಳು, ರಾತ್ರಿ ಪಾಳಿಯ ವಾರ್ಡ್ ಸಿಸ್ಟರ್‌ಗಳು. ನಿಮ್ಮ ಊರಿನ ಯಾವ ಹುಡುಗಿಯೂ ನರ್ಸಿಂಗ್ ಓದಿಲ್ಲವಾ? ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ಮೆಡಿಕಲ್ ಕಾಲೇಜ್ ಇದೆ. ಎಸ್.ಎಸ್. ಮೆಡಿಕಲ್ ಕಾಲೇಜ್ ಇದೆ. ಚಿತ್ರದುರ್ಗದಲ್ಲಿ ಬಸವೇಶ್ವರ ಮೆಡಿಕಲ್ ಕಾಲೇಜ್ ಇದೆ, 2023ರಿಂದ ಸರ್ಕಾರಿ ಕಾಲೇಜೂ ಶುರುವಾಗಿದೆ. ಈ ಎರಡು ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬರು ಸಿಕ್ಕೇ ಸಿಗುತ್ತಾರೆ. ಲ್ಯಾಬ್ ಹುಡುಗ ಆದರೂ ಸರಿ. ಅವರಿಗೆ ಹೇಳಿ, 'ನಿಮ್ಮ ಥಿಯೇಟರ್‌ನವರನ್ನು ಕೇಳಪ್ಪ, ಥೈರಾಯ್ಡ್‌ಗೆ ತಮ್ಮ ಮನೆಯವರನ್ನು ಯಾರ ಹತ್ತಿರ ಕಳಿಸ್ತಾರಂತೆ' ಅಂತ. ಇಂಥ ಇಬ್ಬರು ಮೂವರು, ಒಬ್ಬರಿಗೊಬ್ಬರು ಗೊತ್ತಿಲ್ಲದವರು, ಒಂದೇ ಹೆಸರು ಹೇಳಿದರೆ ಆ ಹೆಸರಿಗೆ ತೂಕ ಇದೆ.

ನಿಮ್ಮ ಊರಿನ ಡಾಕ್ಟರನ್ನೂ ಕೇಳಿ, ಆದರೆ ಬೇರೆ ಥರ ಕೇಳಿ. 'ಎಲ್ಲಿಗೆ ಹೋಗಲಿ' ಅಂದರೆ ಬಾಯಿಗೆ ಬಂದ ಹೆಸರು ಹೇಳಿಬಿಡುತ್ತಾರೆ. 'ಸರ್, ಹಿಂದೆ ಥೈರಾಯ್ಡ್ ಗಡ್ಡೆ ಇದ್ದವರನ್ನು ಯಾರ ಹತ್ತಿರ ಕಳಿಸಿದ್ರಿ? ಅವರು ಈಗ ಹೇಗಿದ್ದಾರೆ?' ಅಂತ ಕೇಳಿ. ಆಗ ಅವರು ನೆನಪಿಸಿಕೊಂಡು ಹೇಳುತ್ತಾರೆ. ಆ ಹಳೆ ರೋಗಿ ಒಪ್ಪಿದರೆ ಅವರನ್ನೇ ಹೋಗಿ ನೋಡಿ. ಕುತ್ತಿಗೆಯ ಗಾಯದ ಗುರುತು ನೋಡಿ, ಮಾತಾಡಿಸಿ, ಧ್ವನಿ ಕೇಳಿ. ಇನ್ನೊಂದು ವಿಷಯ. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರ್‌ಗಳು ಕಮಿಷನ್ ತೆಗೆದುಕೊಳ್ಳಬಾರದು ಅಂತ 2002ರ ವೈದ್ಯರ ನಡತೆ ನಿಯಮದಲ್ಲೇ ಇದೆ. 'ಅಲ್ಲಿಗೇ ಹೋಗಬೇಕು, ಬೇರೆ ಕಡೆ ಹೋದರೆ ನಾನು ನೋಡಲ್ಲ' ಅಂತ ಯಾರಾದರೂ ಒತ್ತಾಯ ಮಾಡಿದರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟಾದ ಮೇಲೆ ನಿಮ್ಮ ಕೈಯಲ್ಲಿ ಎರಡು ಹೆಸರು ಉಳಿಯುತ್ತವೆ. ಇಬ್ಬರನ್ನೂ ನೋಡಿ. ಕನ್ಸಲ್ಟೇಷನ್ ಫೀ ಇನ್ನೊಂದು ಸಲ ಹೋದರೆ ಹೋಗಲಿ. ಸ್ಕ್ಯಾನ್ ಫಿಲ್ಮ್, ಸೂಜಿ ಪರೀಕ್ಷೆಯ ರಿಪೋರ್ಟ್, ಸಿಕ್ಕರೆ ಆ ಸ್ಲೈಡ್ ಕೂಡ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಜೊತೆಗೆ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರ್ ಮುಂದೆ ಕೂತಾಗ ಎಲ್ಲ ಮರೆತುಹೋಗುತ್ತದೆ. ನಾನು ನರ್ಸ್ ಆಗಿದ್ದೂ ಮರೆತಿದ್ದೆ.

ಮೊದಲು, 'ಸರ್, ಥೈರಾಯ್ಡ್ ಆಪರೇಷನ್ ನೀವು ತಿಂಗಳಿಗೆ ಎಷ್ಟು ಮಾಡ್ತೀರಿ?' ಇದನ್ನು ಕೈ ಮುಗಿದು, ಮೆತ್ತಗೆ ಕೇಳಬಹುದು. ಇದು ಅವಮಾನದ ಮಾತಲ್ಲ. ಆಮೇಲೆ, 'ನಿಮ್ಮ ರೋಗಿಗಳಲ್ಲಿ ಧ್ವನಿ ಹೋಗಿದ್ದು ಎಷ್ಟು ಜನಕ್ಕೆ?' ಯಾರಿಗೂ ಆಗಿಲ್ಲ ಅಂತ ತಟ್ಟನೆ ಹೇಳುವವರಿಗಿಂತ, ಸ್ವಲ್ಪ ಯೋಚಿಸಿ 'ಇಷ್ಟು ವರ್ಷದಲ್ಲಿ ಇಂತಿಷ್ಟು ಜನಕ್ಕೆ ಆಗಿದೆ, ಅದರಲ್ಲಿ ಕೆಲವರಿಗೆ ಸರಿಹೋಯಿತು' ಅಂತ ಹೇಳುವವರನ್ನು ನಾನು ಹೆಚ್ಚು ನಂಬುತ್ತೇನೆ. ಅವರು ಲೆಕ್ಕ ಇಟ್ಟಿದ್ದಾರೆ.

ಇಲ್ಲಿ ಒಬ್ಬರ ನೆನಪಾಗುತ್ತದೆ. ನಮ್ಮ ಟ್ರೇಯಲ್ಲಿ ದಿನಾ ಇಡುತ್ತಿದ್ದ ಒಂದು ಫೋರ್ಸೆಪ್ಸ್ (ಇಕ್ಕಳ) ಹೆಸರು ಕೋಕರ್ಸ್. ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಸರ್ಜನ್ ಥಿಯೋಡರ್ ಕೋಕರ್ ಹೆಸರು ಅದು. ಥೈರಾಯ್ಡ್ ಆಪರೇಷನ್ ಅಂದರೆ ಸಾವೇ ಅನ್ನುವ ಕಾಲದಲ್ಲಿ ಅವರು ಅದನ್ನು ಕಲಿತು, ಸಾವಿರಾರು ಜನಕ್ಕೆ ಮಾಡಿ, ಸಾವಿನ ಪ್ರಮಾಣವನ್ನು ನೂರಕ್ಕೆ ಒಂದಕ್ಕಿಂತ ಕೆಳಗೆ ತಂದರು. 1909ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನನಗೆ ಅದಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಬೇರೆ. ಪೂರ್ತಿ ಗ್ರಂಥಿ ತೆಗೆಸಿಕೊಂಡು ಗುಣವಾಗಿ ಮನೆಗೆ ಹೋಗಿದ್ದ ಹಳೆ ರೋಗಿಗಳನ್ನು ಅವರು ಮತ್ತೆ ಕರೆಸಿ ನೋಡಿದರು. ಬಂದವರಲ್ಲಿ ಹೆಚ್ಚಿನವರು ಮಂಕಾಗಿದ್ದರು, ಮೈ ಊದಿತ್ತು. ಥೈರಾಯ್ಡ್ ಇಲ್ಲದೆ ದೇಹ ನಡೆಯಲ್ಲ ಅಂತ ಆಗ ಪೂರ್ತಿ ಗೊತ್ತಿರಲಿಲ್ಲ. ಕೋಕರ್ ಮುಚ್ಚಿಡಲಿಲ್ಲ. 1883ರಲ್ಲಿ ಎಲ್ಲರ ಮುಂದೆ ಹೇಳಿದರು, ತಮ್ಮ ಪದ್ಧತಿ ಬದಲಾಯಿಸಿದರು. ರೋಗಿ ಮನೆಗೆ ಹೋದ ಮೇಲೂ ಹೇಗಿದ್ದಾರೆ ಅಂತ ವಿಚಾರಿಸುವ ಸರ್ಜನ್ ಸಿಕ್ಕರೆ ಬಿಡಬೇಡಿ.

ಉಳಿದ ಪ್ರಶ್ನೆಗಳು. ಆಪರೇಷನ್ ಮಾಡುವವರು ನೀವೇನಾ, ಬೇರೆಯವರಾ? ಮೆಡಿಕಲ್ ಕಾಲೇಜಿನಲ್ಲಿ ಕಲಿಯುವ ಡಾಕ್ಟರ್‌ಗಳು ಜೊತೆಗೆ ಇರುತ್ತಾರೆ, ಅದು ಸಹಜ. ಆದರೆ ನರದ ಹತ್ತಿರ ಕೆಲಸ ಮಾಡುವಾಗ ಹಿರಿಯರು ಟೇಬಲ್ ಪಕ್ಕ ಇರುತ್ತಾರಾ ಅಂತ ತಿಳಿದುಕೊಳ್ಳಿ. ಆಪರೇಷನ್‌ಗೆ ಮೊದಲು ಇ.ಎನ್.ಟಿ. ಡಾಕ್ಟರ್ ಧ್ವನಿತಂತು ಪರೀಕ್ಷೆ ಮಾಡುತ್ತಾರಾ? ಅರ್ಧ ಗ್ರಂಥಿ ಮಾತ್ರ ತೆಗೀತೀರಾ, ಪೂರ್ತಿಯಾ, ಯಾಕೆ? ನಿಮ್ಮ ತಾಯಿಯ ರಿಪೋರ್ಟ್‌ಗೆ ಎಷ್ಟೋ ಸಲ ಗಡ್ಡೆ ಇರುವ ಅರ್ಧ ಭಾಗ ತೆಗೆದರೆ ಸಾಕಾಗುತ್ತದೆ. ಪೂರ್ತಿ ತೆಗೆದರೆ ಜೀವನಪೂರ್ತಿ ಮಾತ್ರೆ ಬೇಕು.

ರಾತ್ರಿಯ ಪ್ರಶ್ನೆಯನ್ನು ಮರೆಯಲೇಬೇಡಿ. ಥೈರಾಯ್ಡ್ ಆಪರೇಷನ್ ಆದ ಮೊದಲ ದಿನ, ಅಪರೂಪಕ್ಕೆ, ಒಳಗೆ ರಕ್ತ ತುಂಬಿ ಕುತ್ತಿಗೆ ಊದಿಕೊಳ್ಳುತ್ತದೆ. ಉಸಿರು ಕಟ್ಟುತ್ತದೆ. ನಿಮಿಷಗಳಲ್ಲಿ ಹೊಲಿಗೆ ಬಿಚ್ಚಬೇಕು. ನನ್ನ ಸೇವೆಯಲ್ಲಿ ಎರಡು ಸಲ ನೋಡಿದ್ದೇನೆ, ಎರಡೂ ಸಲ ಸರ್ಜನ್ ಅದೇ ಕಟ್ಟಡದಲ್ಲಿ ಇದ್ದರು, ರೋಗಿ ಉಳಿದರು. ಅದಕ್ಕೆ ಕೇಳಬೇಕು: 'ರಾತ್ರಿ ಹನ್ನೆರಡಕ್ಕೆ ಹೀಗಾದರೆ ಇಲ್ಲಿ ಯಾರು ಇರ್ತಾರೆ?' ಸರ್ಜನ್ ವಾರಕ್ಕೊಂದು ದಿನ ಬೇರೆ ಊರಿಂದ ಬಂದು, ಆಪರೇಷನ್ ಮುಗಿಸಿ ಸಂಜೆ ಕಾರು ಹತ್ತುವವರಾದರೆ ಈ ಪ್ರಶ್ನೆ ಇನ್ನೂ ಮುಖ್ಯ.

ಒಳ್ಳೆ ಸರ್ಜನ್ ಥಿಯೇಟರ್ ಒಳಗೆ ಹೇಗಿರುತ್ತಾರೆ ಅಂತ ನಿಮಗೆ ನೋಡೋಕೆ ಆಗಲ್ಲ. ನಾನು ನೋಡಿದ್ದನ್ನು ಹೇಳುತ್ತೇನೆ. ಅವರು ಜೋರು ಮಾತಾಡುವುದಿಲ್ಲ. ಗಡಿಯಾರ ನೋಡುವುದಿಲ್ಲ. ಥೈರಾಯ್ಡ್‌ನಲ್ಲಿ ನರ ಕಣ್ಣಿಗೆ ಕಾಣುವವರೆಗೆ ಕತ್ತರಿ ಮುಂದೆ ಹೋಗುವುದಿಲ್ಲ. ಹೊಲಿಗೆ ಹಾಕುವ ಮುಂಚೆ 'ಸಿಸ್ಟರ್, ಮಾಪ್ ಕೌಂಟ್ ಸರಿ ಇದೆಯಾ' ಅಂತ, ಅಂದರೆ ರಕ್ತ ಒರೆಸಿದ ಬಟ್ಟೆಗಳ ಲೆಕ್ಕ ಕೇಳುತ್ತಾರೆ. ನಾವು 'ಒಂದು ಕಮ್ಮಿ ಇದೆ ಸರ್' ಅಂದರೆ ರೇಗುವುದಿಲ್ಲ, ಹುಡುಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗೆ ಅಂತ 19 ಅಂಶದ ಚೆಕ್‌ಲಿಸ್ಟ್ ತಂದಿತು. ಕತ್ತರಿ ಹಾಕುವ ಮೊದಲು ಎಲ್ಲರೂ ನಿಂತು ರೋಗಿಯ ಹೆಸರು, ಆಪರೇಷನ್, ಯಾವ ಪಕ್ಕ ಅಂತ ಬಾಯಿಬಿಟ್ಟು ಹೇಳಬೇಕು. ಎಂಟು ನಗರದ ಎಂಟು ಆಸ್ಪತ್ರೆಯಲ್ಲಿ ಪ್ರಯೋಗ ಮಾಡಿದರು, ದೆಹಲಿಯೂ ಅದರಲ್ಲಿತ್ತು. ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು ಅಂತ 2009ರಲ್ಲಿ ವರದಿ ಬಂತು. ನಿಮ್ಮ ಆಸ್ಪತ್ರೆಯಲ್ಲಿ ಆ ಚೆಕ್‌ಲಿಸ್ಟ್ ಬಳಸುತ್ತಾರಾ ಅಂತ ವಾರ್ಡ್ ಸಿಸ್ಟರನ್ನು ಕೇಳಿ. ಅವರ ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ.

ನಾನು ತುಂಬಾ ಗೌರವ ಕೊಡುವ ಒಬ್ಬ ಸರ್ಜನ್ ಇದ್ದರು. ಒಂದು ದಿನ ಗಡ್ಡೆ ಎದೆಯೊಳಗೆ ಇಳಿದಿದ್ದ ರೋಗಿಯೊಬ್ಬರು ಬಂದರು. ಮೂರು ಸಲ ಸ್ಕ್ಯಾನ್ ನೋಡಿ, 'ಅಜ್ಜಿ, ಇದು ನನ್ನ ಕೈಗಿಂತ ಒಳ್ಳೆ ಕೈ ಕೇಳುತ್ತೆ' ಅಂತ ಹೇಳಿ, ತಾವೇ ಬೆಂಗಳೂರಿಗೆ ಫೋನ್ ಮಾಡಿ ಕಳಿಸಿದರು. ಅಜ್ಜಿ ಬದುಕಿ ಬಂದು ಅವರಿಗೆ ಒಂದು ಚೀಲ ಮೆಕ್ಕೆಜೋಳ ಕೊಟ್ಟು ಹೋದರು.

ಬೆಂಗಳೂರಾ, ಮಣಿಪಾಲವಾ, ದಾವಣಗೆರೆಯಾ? ನನ್ನ ಅಭಿಪ್ರಾಯ ಕೇಳಿದರೆ, ಸಾಮಾನ್ಯ ಥೈರಾಯ್ಡ್ ಗಡ್ಡೆಗೆ ಊರು ದೂರ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ. ಮೇಲೆ ಹೇಳಿದ ಪ್ರಶ್ನೆಗಳಿಗೆ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಸರಿಯಾದ ಉತ್ತರ ಸಿಕ್ಕರೆ ಇಲ್ಲೇ ಮಾಡಿಸಿ. ಆಪರೇಷನ್ ಆದ ಐದನೇ ದಿನ ತುಟಿ ಜುಮ್ಮೆಂದರೆ, ಗಾಯ ಕೆಂಪಾದರೆ ಅದೇ ಸರ್ಜನ್ ಹತ್ತಿರ ಒಂದೂವರೆ ಗಂಟೆಯಲ್ಲಿ ಮುಟ್ಟಬಹುದು. ಇಲ್ಲಿ ಸಿಗದಿದ್ದರೆ ಅಥವಾ ಗಡ್ಡೆ ಕಷ್ಟದ್ದು ಅಂತ ಇಬ್ಬರೂ ಹೇಳಿದರೆ ಮಾತ್ರ ಬೆಂಗಳೂರು, ಮಣಿಪಾಲ, ವೆಲ್ಲೂರು. ಆಗ ಹಿಂಜರಿಯಬೇಡಿ. ಆಪರೇಷನ್ ಆದ ಮೇಲೆ ತಾಯಿ ಹೇಗಿದ್ದಾರೆ ಅಂತ ಬರೆಯಿರಿ. ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ: ಅಕ್ಕಾ, ನಮ್ಮ ತಂದೆಗೆ ಎರಡೂ ಮೊಣಕಾಲು ಬದಲಾಯಿಸಬೇಕು, ಮುಂದಿನ ವಾರವೇ ಅಡ್ಮಿಟ್ ಆಗಿ ಅಂದಿದ್ದಾರೆ. ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳಬೇಕು ಅಂತ ಆಸೆ. ಈ ಡಾಕ್ಟರ್ ಬೇಜಾರು ಮಾಡಿಕೊಂಡರೆ? ಎಕ್ಸ್‌ರೇ ಕೂಡ ಅವರ ಹತ್ತಿರವೇ ಇದೆ.
— ಒಬ್ಬ ಓದುಗ, ದಾವಣಗೆರೆ

ಉತ್ತರ: ಕೇಳಿ ತಮ್ಮಾ, ಕೇಳೋದು ನಿಮ್ಮ ಹಕ್ಕು. 'ಸರ್, ಮನೆಯವರೆಲ್ಲ ಕೂತು ಮಾತಾಡಬೇಕು, ಎಕ್ಸ್‌ರೇ ಮತ್ತು ಚೀಟಿ ಕೊಡಿ' ಅಂದರೆ ಸಾಕು. ಕೊಡಲಿಲ್ಲ ಅಂದರೆ ಒಂದು ಹಾಳೆಯಲ್ಲಿ ಬರೆದು ಕೊಡಿ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮ ಇದೆ. ಮೊಣಕಾಲು ಸವೆದಿದ್ದು ಒಂದು ವಾರದಲ್ಲಿ ಅಲ್ಲ, ಇನ್ನೊಂದು ತಿಂಗಳು ತಡವಾದರೆ ಏನೂ ಆಗಲ್ಲ. ಎರಡೂ ಕಾಲನ್ನು ಒಟ್ಟಿಗೆ ಮಾಡೋದು ಎಲ್ಲರ ಹೃದಯಕ್ಕೂ ತಡೆಯುವ ಕೆಲಸ ಅಲ್ಲ. ತಂದೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಫಿಸಿಷಿಯನ್ ಹತ್ತಿರ ಮೊದಲು ತೋರಿಸಿ. ಮೊಣಕಾಲಿಗೆ ಒಳ್ಳೆ ಸರ್ಜನ್ ಯಾರು ಅಂತ ತಿಳಿಯಬೇಕಾ? ಫಿಸಿಯೋಥೆರಪಿ ಮಾಡುವವರನ್ನು ಕೇಳಿ. ಯಾರು ಮಾಡಿದ ಕಾಲು ಮೂರು ತಿಂಗಳಿಗೆ ಮಡಚುತ್ತದೆ, ಯಾರು ಮಾಡಿದ್ದು ಮಡಚಲ್ಲ ಅಂತ ಅವರ ಕೈಗೇ ಗೊತ್ತು.

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಯಜಮಾನರಿಗೆ ಗುಟ್ಕಾ ಅಭ್ಯಾಸ. ಕೆನ್ನೆಯೊಳಗೆ ಹುಣ್ಣಾಗಿ ಕ್ಯಾನ್ಸರ್ ಅಂತ ಗೊತ್ತಾಗಿದೆ. ಬಿ.ಪಿ.ಎಲ್. ಕಾರ್ಡ್ ಇದೆ. ದೊಡ್ಡ ಸರ್ಜನ್ ಅಂದರೆ ದುಡ್ಡಿದ್ದವರಿಗೆ ಮಾತ್ರನಾ?
— ಒಬ್ಬ ಓದುಗಿ

ಉತ್ತರ: ಅಲ್ಲಮ್ಮ. ಹೊಳಲ್ಕೆರೆಯ ತಂಗಿಗೆ ಮೂರ್ನಾಲ್ಕು ವಾರ ವಿಚಾರಿಸಿ ಅಂದೆ. ನಿಮಗೆ ಹಾಗೆ ಹೇಳುವುದಿಲ್ಲ. ಬಾಯಿ ಕ್ಯಾನ್ಸರ್ ಕಾಯುವ ಕಾಯಿಲೆ ಅಲ್ಲ. ಈ ವಾರವೇ ಹೊರಡಿ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್‌ಗೆಂದೇ ಇರುವ ಸರ್ಕಾರಿ ಸಂಸ್ಥೆ. ನಿಮ್ಮ ಕಡೆಯಿಂದ ಹುಬ್ಬಳ್ಳಿ ಹತ್ತಿರ ಅನಿಸಿದರೆ ಅಲ್ಲಿನ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. ಇಂಥ ಕಡೆ ಸರ್ಜನ್‌ಗಳು ಬಾಯಿ ಕ್ಯಾನ್ಸರ್ ಆಪರೇಷನ್ ಮಾಡಿ ಮಾಡಿ ಕೈ ಪಳಗಿದವರು. ಕ್ಯೂ ಉದ್ದ ಇರುತ್ತದೆ, ಬೆಂಚು ಗಟ್ಟಿ ಇರುತ್ತದೆ, ಯಾರೂ ನಿಮ್ಮನ್ನು ಕೂರಿಸಿ ಕಾಫಿ ಕೊಡುವುದಿಲ್ಲ. ಆದರೆ ಕೈ ಚೆನ್ನಾಗಿರುತ್ತದೆ. ಹೃದಯಕ್ಕೆ ಜಯದೇವ, ಮೆದುಳಿಗೆ ನಿಮ್ಹಾನ್ಸ್ ಕೂಡ ಹಾಗೇ.

ಹೊರಡುವ ಮುಂಚೆ ತಾಲ್ಲೂಕು ಆಸ್ಪತ್ರೆ ಅಥವಾ ದಾವಣಗೆರೆಯ ಸಿ.ಜಿ. ಆಸ್ಪತ್ರೆಯಲ್ಲಿ (ಜಿಲ್ಲಾ ಆಸ್ಪತ್ರೆ) ರೆಫರಲ್ ಪತ್ರ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ನೂರಕ್ಕೆ 30ರಷ್ಟು ಪಾಲು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ರಿಪೋರ್ಟ್ ಮೂರರದ್ದೂ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ಆಸ್ಪತ್ರೆಗೆ ಹೋದ ಕೂಡಲೇ 'ಆರೋಗ್ಯ ಮಿತ್ರ' ಎಲ್ಲಿ ಕೂತಿದ್ದಾರೆ ಅಂತ ಕೇಳಿ. ಕಾರ್ಡಿನ ಕೆಲಸ ಮಾಡಿಸುವವರು ಅವರು. ಯಜಮಾನರು ಗುಟ್ಕಾ ಇವತ್ತೇ ಬಿಡಬೇಕು. ಬೈಯಬೇಡಿ, ಪಕ್ಕ ಕೂತು ಹೇಳಿ. ಅವರು ಈಗ ಬಹಳ ಹೆದರಿರುತ್ತಾರೆ.

ಪ್ರಶ್ನೆ: ಮೊಬೈಲ್‌ನಲ್ಲಿ ಸ್ಟಾರ್ ಜಾಸ್ತಿ ಇರುವ ಡಾಕ್ಟರ್ ಹತ್ತಿರ ಹೋಗಬಹುದಾ? ರಾತ್ರಿ ಹೊತ್ತು ಇದ್ದಕ್ಕಿದ್ದಂತೆ ಹೊಟ್ಟೆ ನೋವು ಬಂದರೂ ಹೀಗೆಲ್ಲ ಹುಡುಕಬೇಕಾ?
— ಒಬ್ಬ ಓದುಗ, ಹರಿಹರ

ಉತ್ತರ: ಸ್ಟಾರ್ ಕೊಡುವವರು ಎಷ್ಟೋ ಜನ ಕಾದ ಹೊತ್ತು, ಪಾರ್ಕಿಂಗ್, ರಿಸೆಪ್ಷನ್ ಹುಡುಗಿಯ ಮಾತು ನೋಡಿ ಕೊಡುತ್ತಾರೆ. ಆಪರೇಷನ್ ಆಗಿ ಆರು ತಿಂಗಳಾದ ಮೇಲೆ ಯಾರಾದರೂ ಉದ್ದಕ್ಕೆ ಬರೆದಿದ್ದರೆ ಅದನ್ನು ಓದಿ.

ತುರ್ತಿಗೆ ಹುಡುಕಾಟ ಬೇಡವೇ ಬೇಡ. ಹೊಟ್ಟೆ ಕಲ್ಲಿನಂತೆ ಬಿಗಿದಿದೆ, ವಾಂತಿ ನಿಲ್ಲುತ್ತಿಲ್ಲ, ಅಪಘಾತವಾಗಿದೆ ಅಂದರೆ 108ಕ್ಕೆ ಫೋನ್ ಮಾಡಿ, ಹತ್ತಿರದಲ್ಲಿ ರಾತ್ರಿ ಥಿಯೇಟರ್ ನಡೆಯುವ ಆಸ್ಪತ್ರೆಗೆ ಹೋಗಿ. ಅಪೆಂಡಿಕ್ಸ್, ಕರುಳು ತೂತಾಗಿದ್ದು, ಇಂಥವನ್ನು ನಮ್ಮ ಜಿಲ್ಲೆಯ ಜನರಲ್ ಸರ್ಜನ್‌ಗಳು ದಿನಾ ಮಾಡುತ್ತಾರೆ. ದೊಡ್ಡ ಹೆಸರು ಹುಡುಕಿಕೊಂಡು ಬೆಂಗಳೂರು ದಾರಿ ಹಿಡಿದು, ಶಿರಾ ದಾಟುವಾಗ ಬಿ.ಪಿ. ಬಿದ್ದವರನ್ನು ನಾನು ಬಲ್ಲೆ. ಹೊರಡುವಾಗ ಬಾಯಿಗೆ ಊಟ, ನೀರು, ಕಷಾಯ ಏನೂ ಹಾಕಬೇಡಿ. ಕೊನೆಯ ಸಲ ಏನು ತಿಂದರು, ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಳ್ಳಿ. ಥಿಯೇಟರ್ ಬಾಗಿಲಲ್ಲಿ ಸಿಸ್ಟರ್ ಮೊದಲು ಕೇಳುವುದು ಅದನ್ನೇ.